ಪೇಟೆಯ ಬೀದಿ, ಮಲೆಯ ಮನೆ: ವಿದ್ಯುತ್ ಕಾರಿನ ಒಡೆಯರು ಹೇಳುವುದೇನು?

ನಮ್ಮ ಸಮಾಜದ ಮನೆಗಳಲ್ಲಿ ಹೊಸ ವಾಹನ ಬಂದಾಗ ಅದನ್ನು ಮೊದಲು ಮಠದ ಅಂಗಳಕ್ಕೆ ತರುವ ವಾಡಿಕೆ ಇಂದಿಗೂ ಉಳಿದಿದೆ. ಗದ್ದುಗೆಗೆ ನಮಸ್ಕರಿಸಿ, ವಾಹನಕ್ಕೆ ವಿಭೂತಿ ಹಚ್ಚಿಸಿ, ಹಿರಿಯರ ಆಶೀರ್ವಾದ ಪಡೆದು ಹೋಗುವ ಈ ಕುಟುಂಬಗಳೊಡನೆ ನಾಲ್ಕು ಮಾತನಾಡುವ ಅವಕಾಶ ನಮಗೆ ಬಹು ವರ್ಷಗಳಿಂದ ದೊರೆಯುತ್ತ ಬಂದಿದೆ. ಒಂದು ಕಾಲಕ್ಕೆ ಚಿಕ್ಕಮಗಳೂರು ಸೀಮೆಯಿಂದ ಬರುತ್ತಿದ್ದುದು ಜೀಪು, ಅಂಬಾಸಿಡರ್, ಫಿಯಟ್. 1983ರ ಅನಂತರ ಮಾರುತಿ. ಈಗ ಕೆಲವು ವರ್ಷಗಳಿಂದ ಹಸಿರು ಫಲಕ ಹೊತ್ತ ವಿದ್ಯುತ್ ಕಾರುಗಳೂ, ಯುವಕರು ಆರಿಸಿ ತರುವ ಟರ್ಬೊ ಎಂಜಿನ್ನಿನ ಅತಿವೇಗದ ಕಾರುಗಳೂ ಅದೇ ಅಂಗಳದಲ್ಲಿ ಅಕ್ಕಪಕ್ಕ ನಿಲ್ಲುತ್ತಿವೆ. 2024 ಮತ್ತು 2025ರಲ್ಲಿ ಕಾಫಿಯ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ, ಆ ಹಣದ ಒಂದು ಪಾಲು ಮನೆಯ ಸಾಲಕ್ಕೆ ಹೋದರೆ ಮತ್ತೊಂದು ಪಾಲು ಕಾರಾಗಿ ಬಂದಿತು. “ಯಾವುದನ್ನು ಕೊಳ್ಳಬೇಕು ಗುರುಗಳೇ?” ಎಂದು ನಮ್ಮನ್ನೇ ಕೇಳುವವರಿದ್ದಾರೆ. ವಾಹನ ನಡೆಸಲು ಬಾರದ ನಮ್ಮನ್ನು ಕೇಳುವುದಕ್ಕಿಂತ ಅದನ್ನು ಕೊಂಡು ಬಳಸುತ್ತಿರುವವರನ್ನು ಕೇಳುವುದು ಲೇಸೆಂದು, ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಹಲವು ಸದ್ಭಕ್ತರ ಅಭಿಪ್ರಾಯಗಳನ್ನು ಸಂಗ್ರಹಿಸಿ ಇಲ್ಲಿ ನಿವೇದಿಸುತ್ತಿದ್ದೇವೆ.

ವಿದ್ಯುತ್ ಕಾರು ಪರದೇಶದಿಂದ ಮೊನ್ನೆ ಬಂದ ವಸ್ತುವೆಂದು ಬಹಳ ಮಂದಿ ಭಾವಿಸಿದ್ದಾರೆ. ಹಾಗಲ್ಲ. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ರೇವಾ ಸಂಸ್ಥೆಯು ಚೇತನ್ ಮೈನಿಯವರ ಮುಂದಾಳುತನದಲ್ಲಿ 2001ರಲ್ಲಿಯೇ ಎರಡು ಬಾಗಿಲಿನ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದಿತ್ತು. ಸೀಸದ ಬ್ಯಾಟರಿಯ ಆ ಕಾರು ಒಮ್ಮೆ ತುಂಬಿಸಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ನಮ್ಮವರು ಅದನ್ನು ಆಟಿಕೆಯೆಂದು ನಕ್ಕು ಬಿಟ್ಟರು. ಲಂಡನ್ ನಗರದವರು ಮಾತ್ರ, ಅಲ್ಲಿನ ದಟ್ಟಣೆ ಸುಂಕದಿಂದ ವಿನಾಯಿತಿ ಇದ್ದುದರಿಂದ, ಜಿ-ವಿಜ್ ಎಂಬ ಹೆಸರಿನಲ್ಲಿ ಅದನ್ನು ಕೊಂಡು ಓಡಿಸಿದರು. 2010ರಲ್ಲಿ ಮಹೀಂದ್ರ ಸಂಸ್ಥೆ ರೇವಾವನ್ನು ತನ್ನದಾಗಿಸಿಕೊಂಡಿತು. 2013ರಲ್ಲಿ ಇ2ಒ ಬಂದಿತು. ಆದರೂ ಮಲೆನಾಡಿನ ಮನೆಗಳಿಗೆ ವಿದ್ಯುತ್ ಕಾರು ನಿಜವಾಗಿ ಪ್ರವೇಶಿಸಿದ್ದು 2020ರ ಅನಂತರ, 30 ಯೂನಿಟ್ ಹಿಡಿಯುವ ಬ್ಯಾಟರಿಯ ನೆಕ್ಸಾನ್‌ನಂತಹ ಎತ್ತರದ ಕಾರುಗಳು ಬಂದ ಮೇಲೆಯೇ.

ಮೊದಲು ವೇಗದ ಕಾರಿನವರ ಮಾತು ಕೇಳೋಣ. ಪೋಲೊ ಜಿಟಿ, ಆಕ್ಟೇವಿಯಾ ಆರ್‌ಎಸ್ ಮುಂತಾದ ಹೆಸರುಗಳನ್ನು ಅವರು ಉಚ್ಚರಿಸುವ ಭಕ್ತಿಯನ್ನು ಕಂಡು ನಮಗೆ ಒಮ್ಮೊಮ್ಮೆ ನಗು ಬರುವುದುಂಟು. 2017ರಲ್ಲಿ ಭಾರತಕ್ಕೆ ಬಂದ ಆಕ್ಟೇವಿಯಾ ಆರ್‌ಎಸ್ ಕಾರಿಗೆ 230 ಅಶ್ವಶಕ್ತಿ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಏರಲು ಅದಕ್ಕೆ ಸುಮಾರು 7 ಸೆಕೆಂಡು ಸಾಕು. ಚಿಕ್ಕಮಗಳೂರಿನ ಹನುಮಂತಪ್ಪ ವೃತ್ತದಿಂದ ಎಂ.ಜಿ. ರಸ್ತೆಯಲ್ಲಿ ಸಂಜೆಯ ಹೊತ್ತು ಸಾಗುವವನಿಗೆ ಈ ಏಳು ಸೆಕೆಂಡು ಎಲ್ಲಿ ದೊರೆಯಬೇಕು? ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಕ್ಕಳ ಪಾಡು ಇನ್ನೂ ಕಷ್ಟ. ಟಾಮ್‌ಟಾಮ್ ಸಂಸ್ಥೆಯ 2022ರ ಎಣಿಕೆಯಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು 29 ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿತ್ತು; ಅಂದರೆ ಗಂಟೆಗೆ ಇಪ್ಪತ್ತೇ ಕಿಲೋಮೀಟರ್. ಅಂತಹ ಕಾರನ್ನು ಐದು ವರ್ಷ ಇಟ್ಟುಕೊಂಡ ತರುಣನೊಬ್ಬನು ನಮ್ಮೆದುರು ಒಪ್ಪಿಕೊಂಡದ್ದಿದು: “ಊರೊಳಗೆ ಅದು ಆರೇಳು ಕಿಲೋಮೀಟರಿಗೆ ಒಂದು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಉಬ್ಬು ಬಂದರೆ ಹೊಟ್ಟೆ ತಾಗುತ್ತದೆ. ಅಪ್ಪಾಜಿ ಹಿಂದೆ ಕುಳಿತರೆ ಏಳಲು ಇಬ್ಬರು ಕೈ ಹಿಡಿಯಬೇಕು.” ಆದರೂ ಮಾರಲು ಅವನಿಗೆ ಮನಸ್ಸಿಲ್ಲ. ಮುಂಜಾನೆ ಐದಕ್ಕೆ ಎದ್ದು ಕಡೂರಿನ ಕಡೆಯ ನೇರ ರಸ್ತೆಯಲ್ಲಿ ಒಮ್ಮೆ ಹೋಗಿ ಬಂದರೆ ವಾರದ ಆಯಾಸ ಕಳೆಯುತ್ತದೆಯಂತೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಂತೋಷ. ಆದರೆ ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ ತುಳಿಯುವವನೂ ಒಬ್ಬನಿದ್ದಾನೆ ಎಂಬುದನ್ನು ಅವನಿಗೆ ನೆನಪಿಸಿದೆವು.

ಡೀಸೆಲ್ ಕಾರಿನವರ ದೂರು ಬೇರೆ ಬಗೆಯದು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ತರುವಾಯ ಡೀಸೆಲ್ ಕಾರುಗಳಿಗೆ ಮಸಿಯನ್ನು ಹಿಡಿದಿಡುವ ಶೋಧಕವೊಂದನ್ನು ಜೋಡಿಸಿದ್ದಾರೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಕಾರು ಆಗಾಗ ಹದಿನೈದು-ಇಪ್ಪತ್ತು ನಿಮಿಷವಾದರೂ ತಡೆಯಿಲ್ಲದೆ ಓಡಬೇಕು. ಮನೆಯಿಂದ ಸಂತೆಗೆ, ಸಂತೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ ಎಂದು ಎರಡೆರಡು ಕಿಲೋಮೀಟರ್ ಓಡಿಸಿದರೆ ಶೋಧಕ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಪೇಟೆಯ ಓಡಾಟಕ್ಕೆಂದು ಡೀಸೆಲ್ ಕೊಳ್ಳುವವರು ಈ ಸಂಗತಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇನ್ನು ವಿದ್ಯುತ್ ಕಾರಿನವರು. ಪೇಟೆಯ ಓಡಾಟದ ವಿಷಯದಲ್ಲಿ ಅವರಲ್ಲಿ ಭಿನ್ನಾಭಿಪ್ರಾಯವೇ ಇಲ್ಲವೆನ್ನಬಹುದು. ಕ್ಲಚ್ ಇಲ್ಲ, ಗೇರ್ ಇಲ್ಲ, ಸಂಜೆಗೆ ಎಡಗಾಲು ನೋಯುವುದಿಲ್ಲ. ವಿದ್ಯುತ್ ಮೋಟಾರಿನ ಎಳೆತ ಮೊದಲ ಸುತ್ತಿನಿಂದಲೇ ಪೂರ್ಣವಾಗಿರುವುದರಿಂದ ಏರಿನಲ್ಲಿ ನಿಂತ ಕಾರು ಹಿಂದಕ್ಕೆ ಜಾರುವ ಭಯವಿಲ್ಲ. ಶಿಕ್ಷಕಿಯಾಗಿ ನಿವೃತ್ತರಾದ ಮೂಡಿಗೆರೆಯ ತಾಯಿಯೊಬ್ಬರು, ಪೆಟ್ರೋಲ್ ಕಾರನ್ನು ಮುಟ್ಟಲು ಹೆದರುತ್ತಿದ್ದವರು, ಈಗ ತಾವೇ ಪೇಟೆಗೆ ಹೋಗಿ ಬರುತ್ತಾರೆ. “ಔಷಧಿ ತರಲು ಮಗನ ಬಿಡುವು ಕಾಯಬೇಕಾಗಿಲ್ಲ” ಎಂಬ ಅವರ ಮಾತು ಅಶ್ವಶಕ್ತಿಯ ಎಲ್ಲ ಅಂಕಿಗಳಿಗಿಂತ ನಮಗೆ ತೂಕದ್ದಾಗಿ ಕಂಡಿತು. ಖರ್ಚಿನ ಲೆಕ್ಕವೂ ಸರಳ. ಒಂದು ಯೂನಿಟ್ಟಿಗೆ ಪೇಟೆಯಲ್ಲಿ ಆರೇಳು ಕಿಲೋಮೀಟರ್. ಮನೆಯ ವಿದ್ಯುತ್ತಾದರೆ ಕಿಲೋಮೀಟರಿಗೆ ಸುಮಾರು ಒಂದು ರೂಪಾಯಿ. ಪೆಟ್ರೋಲಿಗೆ ಅದೇ ದೂರಕ್ಕೆ ಎಂಟು ರೂಪಾಯಿಯ ಆಸುಪಾಸು.

ವೇಗದ ಕಾರು, ವಿದ್ಯುತ್ ಕಾರು ಎಂಬ ಭೇದವೂ ಈಗ ಅಳಿಸುತ್ತಿದೆ. 2024ರ ನವೆಂಬರಿನಲ್ಲಿ ಬಂದ ಮಹೀಂದ್ರ ಬಿಇ 6 ಕಾರಿನ ದೊಡ್ಡ ಬ್ಯಾಟರಿಯ ಮಾದರಿಗೆ 280ಕ್ಕೂ ಮೀರಿದ ಅಶ್ವಶಕ್ತಿ. ಅದೂ ಏಳು ಸೆಕೆಂಡಿನೊಳಗೆ ನೂರರ ವೇಗ ಮುಟ್ಟುತ್ತದೆ. ನಮ್ಮ ಆತಂಕವಿರುವುದು ಇಲ್ಲಿಯೇ. ಹಳೆಯ ಕಾರು ವೇಗವಾಗಿ ಬರುವುದಕ್ಕೆ ಮೊದಲು ಗರ್ಜಿಸುತ್ತಿತ್ತು, ಇದು ಗರ್ಜಿಸುವುದಿಲ್ಲ. ಪೂಜೆಗೆ ಬಂದ ಒಂದು ವಿದ್ಯುತ್ ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದರು. (ಶರಣಧರ್ಮದಲ್ಲಿ ಈ ನಿಂಬೆಹಣ್ಣಿಗೆ ಸ್ಥಾನವಿಲ್ಲವೆಂದು ಎಷ್ಟು ಹೇಳಿದರೂ ನಮ್ಮವರು ಬಿಡರು.) ಎಂಜಿನ್ನಿನ ಸದ್ದಿಗಾಗಿ ಕಾಯುತ್ತ ಮುಂದೆಯೇ ನಿಂತಿದ್ದ ಅಜ್ಜಿಗೆ, ಹಣ್ಣು ಚಿಪ್ಪಾದ ಮೇಲೆಯೇ ಕಾರು ಹೊರಟಿತೆಂದು ತಿಳಿದದ್ದು. ಪಕ್ಕದಲ್ಲಿದ್ದವರು ಕೈ ಹಿಡಿದು ಎಳೆದರು. ಕಣ್ಣು ಮಂಜಾದ ಹಿರಿಯರೂ ಆಡುವ ಮಕ್ಕಳೂ ಕಿವಿಯಿಂದಲೇ ವಾಹನವನ್ನು ಗುರುತಿಸುವವರು. ಯೂರೋಪಿನ ದೇಶಗಳಲ್ಲಿ ಇದನ್ನರಿತು, ಮೆಲ್ಲನೆ ಚಲಿಸುವಾಗ ಕೃತಕ ಸದ್ದು ಮಾಡುವ ಸಾಧನವನ್ನು 2019ರಿಂದ ಹೊಸ ಮಾದರಿಗಳಿಗೂ 2021ರಿಂದ ಎಲ್ಲ ಹೊಸ ವಿದ್ಯುತ್ ಕಾರುಗಳಿಗೂ ಕಡ್ಡಾಯ ಮಾಡಿದ್ದಾರೆ. ತಾವು ಕೊಳ್ಳುವ ಕಾರಿನಲ್ಲಿ ಅದು ಇದೆಯೇ ಎಂದು ಕೇಳಿಯೇ ಹಣ ಕಟ್ಟುವುದು ಉಚಿತ.

ಮಲೆಯ ಏರಿಳಿತವನ್ನು ಈ ಕಾರು ತಾಳೀತೇ ಎಂಬುದು ಬಹುಜನರ ಪ್ರಶ್ನೆ. ಚಿಕ್ಕಮಗಳೂರು ಪೇಟೆಯಿಂದ ಮುಳ್ಳಯ್ಯನಗಿರಿಯ ಶಿಖರ ಸುಮಾರು 800 ಮೀಟರ್ ಎತ್ತರದಲ್ಲಿದೆ. ನಾಲ್ವರು ಕುಳಿತ 1,700 ಕಿಲೋ ತೂಕದ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ನಾಲ್ಕು ಯೂನಿಟ್ಟಿಗಿಂತ ತುಸು ಕಡಿಮೆ. ದೂರಕ್ಕೆ ತಗಲುವುದನ್ನು ಸೇರಿಸಿದರೂ 30 ಯೂನಿಟ್ಟಿನ ಬ್ಯಾಟರಿಯಲ್ಲಿ ಕಾಲುಭಾಗದಷ್ಟು ಮಾತ್ರ. ಇಳಿಯುವಾಗ ಮೋಟಾರೇ ಜನರೇಟರಿನಂತೆ ತಿರುಗಿ ಆ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಬ್ರೇಕು ಕಾಯುವುದೂ ಕಡಿಮೆ. ಆದರೆ ಅನುಭವಿಗಳು ಹೇಳುವ ಒಂದು ಎಚ್ಚರಿಕೆಯುಂಟು: ಗುಡ್ಡದ ಮೇಲಿನ ತೋಟದ ಮನೆಯಲ್ಲಿ ರಾತ್ರಿಯಿಡೀ ಪೂರ್ತಿ ತುಂಬಿಸಿ ಬೆಳಗ್ಗೆ ಇಳಿಯಲು ಹೊರಟರೆ, ತುಂಬಿದ ಬ್ಯಾಟರಿ ಹಿಂದಿರುಗಿದ ಶಕ್ತಿಯನ್ನು ಸ್ವೀಕರಿಸದು, ಆಗ ಮೋಟಾರಿನ ತಡೆ ಸಿಗದೆ ಎಲ್ಲ ಭಾರ ಬ್ರೇಕಿನ ಮೇಲೆಯೇ ಬೀಳುತ್ತದೆ. ಮೇಲಿರುವವರು ನೂರಕ್ಕೆ ಎಂಬತ್ತೈದರಲ್ಲಿ ನಿಲ್ಲಿಸಬೇಕು.

ಹಾಗಾದರೆ ತೊಡಕು ಎಲ್ಲಿ? ಮಳೆಯಲ್ಲಿ, ಮತ್ತು ರಾತ್ರಿಯಲ್ಲಿ. ಕಳಸದ ಕಡೆಯ ಹಿರಿಯರೊಬ್ಬರ ಮನೆಯ ಪರಿಸ್ಥಿತಿಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಎಪ್ಪತ್ತು ದಾಟಿದ ಅವರಿಗೆ ಹೃದಯದ ಕಾಯಿಲೆ. ಮಗನು ವಿದ್ಯುತ್ ಕಾರು ತರುವ ಹಟದಲ್ಲಿದ್ದನು, ಸೊಸೆ ಒಪ್ಪಿರಲಿಲ್ಲ. ಆಷಾಢದ ಮಳೆಗೆ ಮರ ಬಿದ್ದು ಕಂಬ ಮುರಿದರೆ ಮೆಸ್ಕಾಂನವರು ಎಷ್ಟು ಶ್ರಮಿಸಿದರೂ ಒಳಗಿನ ತೋಟಗಳಿಗೆ ಎರಡು-ಮೂರು ದಿನ ಕರೆಂಟು ಬಾರದಿರುವುದು ಮಲೆನಾಡಿನಲ್ಲಿ ಹೊಸತಲ್ಲ. ಕಳಸದಿಂದ ಜಿಲ್ಲಾಕೇಂದ್ರವೇ ಸುಮಾರು 90 ಕಿಲೋಮೀಟರ್; ದೊಡ್ಡ ಚಿಕಿತ್ಸೆಗೆ ಮಂಗಳೂರನ್ನೋ ಬೆಂಗಳೂರನ್ನೋ ಸೇರಬೇಕು. ಘಟ್ಟದ ರಸ್ತೆಯನ್ನೂ ನೆಚ್ಚುವಂತಿಲ್ಲ: 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯೇ ಮುಚ್ಚಿತ್ತು, ಅಂತಹ ಸಂದರ್ಭದಲ್ಲಿ ಬಳಸು ದಾರಿ ಹಿಡಿಯಬೇಕು, ದೂರ ಹೆಚ್ಚುತ್ತದೆ. “ನಡುರಾತ್ರಿ ಮಾವನವರಿಗೆ ಎದೆ ನೋವು ಬಂದಾಗ ಕಾರಿನಲ್ಲಿ ಇಪ್ಪತ್ತು ಭಾಗ ಮಾತ್ರ ಉಳಿದಿದ್ದರೆ ಏನು ಮಾಡಲಿ?” ಎಂದು ಆ ಸೊಸೆ ಕೇಳಿದ ಪ್ರಶ್ನೆಗೆ ಯಾವ ಮಾರಾಟಗಾರನ ಪುಸ್ತಿಕೆಯಲ್ಲಿಯೂ ಉತ್ತರವಿಲ್ಲ.

ತೋಟದ ಜನರೇಟರ್ ಇದೆಯಲ್ಲ ಎಂದು ಮಗನ ವಾದ. ಸಣ್ಣ ಜನರೇಟರ್ ಒಂದು ಲೀಟರ್ ಡೀಸೆಲ್ಲಿಗೆ ಮೂರು ಯೂನಿಟ್ಟಿನಷ್ಟು ಕೊಡುತ್ತದೆ. ಅದರಿಂದ ಹದಿನೆಂಟು-ಇಪ್ಪತ್ತು ಕಿಲೋಮೀಟರ್. ಡೀಸೆಲ್ ಕಾರೂ ಅಷ್ಟೇ ಕೊಡುತ್ತದೆಯಾದ್ದರಿಂದ ನಷ್ಟವೇನಿಲ್ಲ, ಲಾಭವೂ ಇಲ್ಲ. ಅಷ್ಟಕ್ಕೂ ಅರ್ತಿಂಗ್ ಸರಿಯಿಲ್ಲದಿದ್ದರೆ ಹಲವು ಕಾರುಗಳು ವಿದ್ಯುತ್ತನ್ನು ಸ್ವೀಕರಿಸುವುದೇ ಇಲ್ಲ. ಹಳೆಯ ತೊಟ್ಟಿಮನೆಗಳಲ್ಲಿ ಇದೇ ದೊಡ್ಡ ಫಜೀತಿ. ಅಜ್ಜನ ಕಾಲದ ವೈರಿಂಗಿಗೆ 15 ಆಂಪಿಯರ್ ಪ್ಲಗ್ ಕೂರಿಸಿ, ಎಂಟು-ಒಂಬತ್ತು ಗಂಟೆ ನಿರಂತರ ಮೂರು ಕಿಲೋವಾಟ್ ಎಳೆದರೆ ಪ್ಲಗ್ಗು ಕಾದು ಕರಗಿದ ಉದಾಹರಣೆಗಳನ್ನು ಇಬ್ಬರು ಒಡೆಯರು ನಮಗೆ ತೋರಿಸಿದರು. ಕಾರು ಕೊಳ್ಳುವ ಮೊದಲು ಪ್ರತ್ಯೇಕ ಲೈನು ಎಳೆಸಿ, ಹೊಸ ಅರ್ತಿಂಗ್ ಹಾಕಿಸಿ, ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಬೇಕು.

ಗೃಹಜ್ಯೋತಿಯ ಮಾತನ್ನೂ ಹೇಳಿಬಿಡುತ್ತೇವೆ. 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಈ ಯೋಜನೆಯಲ್ಲಿ ಮನೆಯ ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲನ್ನು ಕಟ್ಟಬೇಕಾಗುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರಿಗೇ 150 ಯೂನಿಟ್ ಬೇಕು. “ಕಾರು ತಂದ ಮೇಲೆ ಉಚಿತ ವಿದ್ಯುತ್ ತಪ್ಪಿತು” ಎಂದು ಕೊರಗಿದವರೊಬ್ಬರಿಗೆ, ಹದಿನೈದು ಲಕ್ಷದ ಕಾರು ಕೊಳ್ಳಬಲ್ಲವರು ತಮ್ಮ ದೀಪದ ಹಣವನ್ನು ತಾವೇ ಕಟ್ಟಿದರೆ ದಾಸೋಹಕ್ಕೆ ಕೊರತೆಯಾಗದೆಂದು ನಾವು ಹೇಳಿದೆವು. ಅವರು ನಕ್ಕರು, ಒಪ್ಪಿದರೋ ಇಲ್ಲವೋ ತಿಳಿಯದು.

ಈ ಎಲ್ಲ ಅಭಿಪ್ರಾಯಗಳನ್ನು ಪರಾಮರ್ಶಿಸಿದಾಗ ನಮಗೆ ತೋರುವುದಿಷ್ಟು. ಚಿಕ್ಕಮಗಳೂರು ಪೇಟೆಯಲ್ಲಿಯೇ ವಾಸವಾಗಿ ದಿನಕ್ಕೆ ಮೂವತ್ತು-ನಲವತ್ತು ಕಿಲೋಮೀಟರ್ ಓಡಾಡುವ ಮನೆಗೆ ವಿದ್ಯುತ್ ಕಾರು ಯೋಗ್ಯ; ಅದರಲ್ಲಿಯೂ ಸಣ್ಣ ಕಾರೇ ಸಾಕು, ಇನ್ನೂರ ಎಂಬತ್ತು ಅಶ್ವಶಕ್ತಿ ಅನಾವಶ್ಯಕ. ಒಳಗಿನ ತೋಟದಲ್ಲಿ ವೃದ್ಧರೊಡನೆ ಇರುವ, ಒಂದೇ ಕಾರನ್ನು ಇಟ್ಟುಕೊಳ್ಳಬಲ್ಲ ಮನೆಗೆ ಅದು ಇನ್ನೂ ಸಕಾಲವಲ್ಲ. ವೇಗದ ಕಾರಿನ ವಿಷಯದಲ್ಲಿ ತಂದೆಯೂ ಮಗನೂ ಮಾತು ಬಿಟ್ಟ ಎರಡು ಮನೆಗಳನ್ನು ನಾವು ಬಲ್ಲೆವು. ಆ ಎರಡೂ ಕಡೆ ಜಗಳ ಕಾರಿನ ಬಗೆಗಿರಲಿಲ್ಲ, ತೋಟ ಮಾರಿದ ಹಣದ ಬಗೆಗಿತ್ತು. ಅದನ್ನು ಕಾರಿನ ಮೇಲೆ ಹಾಕಿ ಬೈಯುವುದು ಸುಲಭವಾಗಿ ಕಂಡಿತಷ್ಟೆ.

ಕಳಸದ ಆ ಮನೆಯಲ್ಲಿ ಕೊನೆಗೆ ವಿದ್ಯುತ್ ಕಾರು ಬಂದಿತು. ಆದರೆ ಸೊಸೆಯ ಮೂರು ಷರತ್ತುಗಳಿಗೆ ಮಗನು ಒಪ್ಪಬೇಕಾಯಿತು: ಹಳೆಯ ಡೀಸೆಲ್ ಜೀಪನ್ನು ಮಾರಕೂಡದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿದ್ಯುತ್ ಕಾರು ಅರ್ಧಕ್ಕಿಂತ ಕೆಳಗಿಳಿದು ಮನೆಗೆ ಬರಕೂಡದು, ಜೀಪಿನ ಟ್ಯಾಂಕಿನಲ್ಲಿ ಮಂಗಳೂರು ಮುಟ್ಟುವಷ್ಟು ಡೀಸೆಲ್ ಸದಾ ಇರಬೇಕು. ಜೀಪಿನ ಬೀಗದ ಕೈ ಈಗ ಆಕೆಯ ಬಳಿಯಲ್ಲಿಯೇ ಇದೆ. ವಾರಕ್ಕೊಮ್ಮೆ ಅದನ್ನು ಸ್ಟಾರ್ಟ್ ಮಾಡಿ ನೋಡುವ ಕೆಲಸವನ್ನು ಹಿರಿಯರು ತಾವೇ ವಹಿಸಿಕೊಂಡಿದ್ದಾರೆ.