ಕಲ್ಲು ಕದಲಿದರೆ ಕ್ಯಾಲೆಂಡರ್ ಹೋಯ್ತು: ಈಜಿಪ್ಟಿನಿಂದ ಶಹಾಪುರದ ತನಕ

ಇವತ್ತಿನ ಪ್ರಶ್ನೆ ಇಷ್ಟೇ: ಕೈಯಾಗ ಮೊಬೈಲ್ ಇಲ್ಲ, ಗೋಡೆ ಮೇಲೆ ಕ್ಯಾಲೆಂಡರೂ ಇಲ್ಲ. ಮಳೆಗಾಲಕ್ಕೆ ಇನ್ನೆಷ್ಟು ದಿನ ಅಂತ ಹೇಗೆ ಹೇಳ್ತೀರಿ?

ಪ್ರಾಚೀನ ಈಜಿಪ್ಟಿನವರು ಆಕಾಶ ನೋಡಿ ಹೇಳ್ತಿದ್ರು. ಸುಮಾರು 70 ದಿನ ಮರೆಯಾಗಿದ್ದ ಲುಬ್ಧಕ ನಕ್ಷತ್ರ ನಸುಕಿನಲ್ಲಿ ಮತ್ತೆ ಕಂಡರೆ, ನೈಲ್ ನದಿಗೆ ಪ್ರವಾಹ ಬರೋ ಹೊತ್ತಾಯ್ತು ಅಂತ ಲೆಕ್ಕ. ಅದಕ್ಕೂ ಬಹಳ ಹಿಂದೆ, ದಕ್ಷಿಣ ಈಜಿಪ್ಟಿನ ಮರುಭೂಮಿಯ ನಬ್ಟಾ ಪ್ಲಾಯಾದಲ್ಲಿ ದನಗಾಹಿಗಳು ಕಲ್ಲಿನ ವೃತ್ತವೊಂದನ್ನು ನಿಲ್ಲಿಸಿದ್ದರು. ಅದರ ಒಂದು ಕಿಂಡಿ ವರ್ಷದ ಅತಿ ದೊಡ್ಡ ಹಗಲಿನ ಸೂರ್ಯೋದಯದ ಕಡೆಗಿತ್ತು ಅಂತಾರೆ ಸಂಶೋಧಕರು.

ಇಂಥದ್ದನ್ನು ನೋಡೋಕೆ ಐನಾಪುರದವನಾದ ನಾನು ಆಫ್ರಿಕಾಕ್ಕೇ ಹೋಗಬೇಕಿಲ್ಲ. ಪಕ್ಕದ ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರ ವಿಭೂತಿಹಳ್ಳಿ ಇದೆ. ಅಲ್ಲಿ ಬೃಹತ್ ಶಿಲಾಯುಗದ ಗುಂಡುಕಲ್ಲುಗಳು ಸಾಲುಸಾಲಾಗಿ ಕೂತಿವೆ. 19ನೇ ಶತಮಾನದಲ್ಲೇ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಇವುಗಳ ಬಗ್ಗೆ ಬರೆದಿದ್ದ. ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಮತ್ತು ಪ್ರಿಯಾ ಠಾಕೂರ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಸಾಲುಗಳು ಸೂರ್ಯ ಹುಟ್ಟುವ, ಮುಳುಗುವ ವಿಶೇಷ ದಿಕ್ಕುಗಳಿಗೆ ಹೊಂದುತ್ತವೆ.

ಇದು ಕೆಲಸ ಮಾಡೋದು ಹೇಗೆ? ಸೂರ್ಯ ದಿನಾ ಒಂದೇ ಜಾಗದಲ್ಲಿ ಹುಟ್ಟೋದಿಲ್ಲ. ನಮ್ಮ ಭಾಗದಲ್ಲಿ ಜೂನ್ 21ರ ಸುಮಾರಿಗೆ ಪೂರ್ವದಿಂದ ಉತ್ತರಕ್ಕೆ 24 ಡಿಗ್ರಿ ದಾಟಿರ್ತಾನೆ. ಡಿಸೆಂಬರ್ 21ರ ಸುಮಾರಿಗೆ ಅಷ್ಟೇ ದಕ್ಷಿಣಕ್ಕೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಅಂದ್ರೆ ಆರು ತಿಂಗಳಲ್ಲಿ ಸೂರ್ಯ ಐದು ಮುಷ್ಟಿ ಜರುಗ್ತಾನೆ. ಎರಡು ಕಲ್ಲು ನೆಟ್ಟು ಆ ಗೆರೆ ಹಿಡಿದರೆ ಸಾಕು, ಪ್ರತಿ ವರ್ಷ ಅದೇ ದಿನ ಗೊತ್ತಾಗ್ತದೆ.

ಈಗ ಮುಖ್ಯ ಮಾತು. ಶಿಲ್ಪವನ್ನು ಮ್ಯೂಸಿಯಂಗೆ ಒಯ್ದರೂ ಅದು ಶಿಲ್ಪವೇ. ಇಲ್ಲಿ ಹಾಗಲ್ಲ. ಕಾಪಾಡೋಕೆ ಅಂತ ನಬ್ಟಾದ ವೃತ್ತದ ಕಲ್ಲುಗಳನ್ನು ಆಸ್ವಾನ್ ನಗರದ ಮ್ಯೂಸಿಯಂಗೆ ಸಾಗಿಸಿದರು. ಕಲ್ಲು ಉಳಿದವು, ಆದರೆ ಅವು ತೋರಿಸ್ತಿದ್ದ ದಿಗಂತ ಅಲ್ಲಿಲ್ಲ. ವಿಭೂತಿಹಳ್ಳಿಯ ಕಲ್ಲುಗಳ ಮೇಲೆ ಅಕ್ಷರವಿಲ್ಲ, ಚಿತ್ರವಿಲ್ಲ. ಅವು ಕೂತ ಜಾಗವೇ ಬರಹ. ಒಂದು ಜೆಸಿಬಿ ಹತ್ತು ಕಲ್ಲು ಸರಿಸಿದರೆ ಆ ಸಾಲು ಓದೋಕೆ ಬರಲ್ಲ.

ಅಲ್ಲಿಗೆ ಹೋದರೆ ಫೋಟೊ ತಗೊಳ್ರಿ, ಕಲ್ಲು ಮಾತ್ರ ಮುಟ್ಟಬ್ಯಾಡ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.