ಬಂಧನದಲ್ಲಿರುವ ಮಂಗಗಳಲ್ಲಿ ವರ್ಣತಂತು ದೋಷಗಳು

ಪ್ರಯೋಗಾಲಯ, ಮೃಗಾಲಯ ಮತ್ತು ಸಂವರ್ಧನಾ ಕೇಂದ್ರಗಳಲ್ಲಿ ಇರಿಸಲಾದ ಮಂಗಗಳ ಜೀವಕೋಶಗಳಲ್ಲಿ ವರ್ಣತಂತುಗಳ (ಕ್ರೋಮೋಸೋಮ್‌ಗಳ) ಸಂಖ್ಯೆ ಅಥವಾ ರಚನೆ ಸಹಜ ಸ್ಥಿತಿಗಿಂತ ಭಿನ್ನವಾಗಿದ್ದರೆ ಅದನ್ನು ವರ್ಣತಂತು ದೋಷವೆನ್ನುತ್ತಾರೆ. ಉತ್ತರ ಭಾರತದ ರೀಸಸ್ ಮಂಗ ಮತ್ತು ದಕ್ಷಿಣ ಭಾರತದ ಬಾನೆಟ್ ಮಂಗ ಎರಡರಲ್ಲಿಯೂ ಸಹಜವಾಗಿ 42 ವರ್ಣತಂತುಗಳಿರುತ್ತವೆ. ತಾಯಿಯ ವಯಸ್ಸು ಮತ್ತು ವಿಕಿರಣಗಳಲ್ಲದೆ, ಸುತ್ತಲಿನ ವಸ್ತುಗಳಿಂದ ದೇಹ ಸೇರುವ ರಾಸಾಯನಿಕಗಳೂ ಈ ದೋಷಗಳಿಗೆ ಕಾರಣವಾಗಬಹುದೆಂದು ಶಂಕಿಸಲಾಗಿದೆ.

ದೋಷ ಉಂಟಾಗುವ ಬಗೆ

ಅಂಡಾಣು ಮತ್ತು ವೀರ್ಯಾಣುಗಳು ರೂಪುಗೊಳ್ಳುವಾಗ ಮಿಯಾಸಿಸ್ ಎಂಬ ಕೋಶವಿಭಜನೆಯಲ್ಲಿ ವರ್ಣತಂತುಗಳ ಜೋಡಿಗಳು ಬೇರ್ಪಡುತ್ತವೆ. ಈ ಬೇರ್ಪಡುವಿಕೆ ತಪ್ಪಿದಾಗ ಭ್ರೂಣದಲ್ಲಿ ಒಂದು ವರ್ಣತಂತು ಹೆಚ್ಚು ಅಥವಾ ಕಡಿಮೆಯಾಗುತ್ತದೆ. ಅಂತಹ ಭ್ರೂಣಗಳಲ್ಲಿ ಹೆಚ್ಚಿನವು ಗರ್ಭದಲ್ಲಿಯೇ ನಾಶವಾಗುತ್ತವೆ. ಹೆಣ್ಣು ಮಂಗಗಳಲ್ಲಿ, ಸ್ತ್ರೀಯರಲ್ಲಿರುವಂತೆಯೇ, ಈ ವಿಭಜನೆ ಜನನಕ್ಕೆ ಮೊದಲೇ ಆರಂಭವಾಗಿ, ಪ್ರಾಯಕ್ಕೆ ಬಂದ ನಂತರ ಮುಂದುವರಿಯುತ್ತದೆ. ಆದ್ದರಿಂದ ಗರ್ಭಿಣಿಯ ದೇಹ ಸೇರಿದ ರಾಸಾಯನಿಕವು ಮೊಮ್ಮಕ್ಕಳ ತಲೆಮಾರಿನ ಮೇಲೂ ಪರಿಣಾಮ ಬೀರುವ ಸಾಧ್ಯತೆಯಿದೆ.

ಪಂಜರದಿಂದ ದೊರೆತ ಸುಳಿವು

ಈ ಶಂಕೆಗೆ ಬಲ ಬಂದುದು ಇಲಿಗಳಿಂದ. 1998ರಲ್ಲಿ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ರಿಸಿಯಾ ಹಂಟ್ ಅವರು, ಯಾವ ಪ್ರಯೋಗಕ್ಕೂ ಒಳಪಡಿಸದ ಇಲಿಗಳ ಅಂಡಾಣುಗಳಲ್ಲಿಯೂ ವರ್ಣತಂತುಗಳು ಸರಿಯಾಗಿ ಸಾಲುಗೂಡದಿರುವುದನ್ನು ಗಮನಿಸಿದರು. ಶೇಕಡಾ 1–2ರಷ್ಟಿದ್ದ ಈ ದೋಷವು ಸುಮಾರು 40ಕ್ಕೇರಿತ್ತು. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಪಂಜರಗಳನ್ನು ಮತ್ತು ನೀರಿನ ಬಾಟಲಿಗಳನ್ನು ತಪ್ಪಾಗಿ ನೆಲ ತೊಳೆಯುವ ಕ್ಷಾರೀಯ ಮಾರ್ಜಕದಿಂದ ತೊಳೆಯಲಾಗಿತ್ತು. ಇದರಿಂದ ಪ್ಲಾಸ್ಟಿಕ್ ಸವೆದು, ಬಿಸ್ಫೆನಾಲ್-ಎ ಎಂಬ ರಾಸಾಯನಿಕ ಹೊರಬಂದಿತ್ತು. ಈ ವಿವರಗಳು 2003ರಲ್ಲಿ ಪ್ರಕಟವಾದವು.

ರೀಸಸ್ ಮಂಗಗಳ ಅಧ್ಯಯನ

ಹಂಟ್ ಮತ್ತು ಸಹೋದ್ಯೋಗಿಗಳು ಗರ್ಭಿಣಿ ರೀಸಸ್ ಮಂಗಗಳಿಗೆ ಬಿಸ್ಫೆನಾಲ್-ಎ ನೀಡಿ, ಹೆಣ್ಣು ಭ್ರೂಣಗಳ ಅಂಡಾಶಯಗಳನ್ನು ಪರೀಕ್ಷಿಸಿ, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಿಯಾಸಿಸ್‌ನ ಆರಂಭದ ಹಂತದಲ್ಲಿ ಸೂಕ್ಷ್ಮ ಏರುಪೇರುಗಳು ಕಂಡುಬಂದವು. ಕೆಲವು ಕೋಶಿಕೆಗಳಲ್ಲಿ ಒಂದರ ಬದಲು ಹಲವು ಅಂಡಾಣುಗಳಿದ್ದವು. ಆದರೆ ಈ ಅಧ್ಯಯನವು ಭ್ರೂಣದ ಹಂತಕ್ಕೆ ಸೀಮಿತವಾಗಿತ್ತು. ಆ ಅಂಡಾಣುಗಳಿಂದ ದೋಷಯುಕ್ತ ಮರಿಗಳು ಹುಟ್ಟುತ್ತವೆಯೆಂದು ಅದು ಸಾಧಿಸಿ ತೋರಿಸಲಿಲ್ಲ.

ವ್ಯತ್ಯಾಸ ಮತ್ತು ದೋಷ

ವರ್ಣತಂತುಗಳ ಸಂಖ್ಯೆಯಲ್ಲಿನ ವ್ಯತ್ಯಾಸವೆಲ್ಲವೂ ದೋಷವಲ್ಲ. ಮಲೇರಿಯಾ ಸಂಶೋಧನೆಯಲ್ಲಿ ಬಳಸಲಾಗುವ ದಕ್ಷಿಣ ಅಮೆರಿಕದ ಗೂಬೆ ಮಂಗಗಳನ್ನು ಹಿಂದೆ ಒಂದೇ ಪ್ರಭೇದವೆಂದು ಭಾವಿಸಲಾಗಿತ್ತು. ಅವುಗಳಲ್ಲಿ ಹಲವು ಪ್ರಭೇದಗಳಿದ್ದು, ವರ್ಣತಂತುಗಳ ಸಂಖ್ಯೆಯೂ ಭಿನ್ನವಾಗಿದೆ. ಭಿನ್ನ ಬಗೆಯ ಜೋಡಿಗಳನ್ನು ಕೂಡಿಸಿದಾಗ ಸಂತಾನೋತ್ಪತ್ತಿ ಕುಂಠಿತವಾಗುತ್ತಿತ್ತು. ಆದಕಾರಣ ಪರಿಸರವನ್ನು ಕಾರಣವೆಂದು ನಿರ್ಧರಿಸುವ ಮುನ್ನ ಪ್ರಭೇದವನ್ನು ಗುರುತಿಸುವುದೂ, ಪಂಜರ, ಆಹಾರ ಮತ್ತು ನೀರನ್ನು ಪರಿಶೀಲಿಸುವುದೂ ಅಗತ್ಯ.