ಭುವನಗಿರಿಯ ಬಂಡೆ

ಪರ್ವತಾರೋಹಣದ ಶಾಲೆಯು ‘ಎಲ್ಲರಿಗೂ ಪ್ರವೇಶವುಂಟು’ ಎಂದು ಸಾರಿದ ಮಾತ್ರಕ್ಕೆ ಎಲ್ಲರೂ ಬಂದಾರೆ? ಶುಲ್ಕ, ಬೂಟು, ಉಣ್ಣೆಯುಡುಪು, ದೂರದ ರೈಲುಪ್ರಯಾಣ—ಇವುಗಳ ಮುಂದೆ ಕೂಲಿಯವರ ಮಕ್ಕಳು ಬಾಗಿಲವರೆಗೂ ಬರಲಾರರು. 2014ರ ಮೇ 25ರಂದು ಎವರೆಸ್ಟನ್ನೇರಿದ ಮಾಲಾವತ್ ಪೂರ್ಣಾ, ಆನಂದಕುಮಾರ್ ಇಬ್ಬರೂ ಅಂದಿನ ಆಂಧ್ರಪ್ರದೇಶದ ಸಮಾಜಕಲ್ಯಾಣ ವಸತಿಶಾಲೆಗಳ ವಿದ್ಯಾರ್ಥಿಗಳು. ಕೃಷಿಕೂಲಿಗಳ ಮಗಳಾದ ಪೂರ್ಣಾಳಿಗೆ ಆಗ 14 ತುಂಬಿರಲಿಲ್ಲ. ಅವರನ್ನು ನೇರವಾಗಿ ಹಿಮದತ್ತ ಅಟ್ಟಲಿಲ್ಲ. ಮೊದಲು ಹೈದರಾಬಾದಿನ ಬಳಿಯ ಭುವನಗಿರಿಯ ಬಂಡೆ, ಆಮೇಲೆ ಡಾರ್ಜಿಲಿಂಗಿನ ಸಂಸ್ಥೆ. ವೆಚ್ಚ ಸರಕಾರದ್ದು. ಇತರ ಶಾಲೆಗಳೂ ಹೀಗೆಯೇ ಹಳ್ಳಿಗೆ ಹತ್ತಿರದ ಬಂಡೆಯಿಂದ ತೊಡಗಲಿ. ಬೂಟನ್ನು ತಾವೇ ಒದಗಿಸಲಿ. ಮಕ್ಕಳ ನುಡಿಯಲ್ಲೇ ಕಲಿಸಲಿ. (ಹಗ್ಗದ ಗಂಟಿಗೆ ಇಂಗ್ಲಿಷೇಕೆ?) ಶಿಖರದಿಂದಿಳಿದವರಿಗೆ ಮಾಲೆ ಹಾಕಲು ನಮಗೆ ಉತ್ಸಾಹ ಬಹಳ. ಅದರ ಅರ್ಧವಾದರೂ ಅಂಥವರನ್ನು ಬೋಧಕರಾಗಿ ನೇಮಿಸಿ, ಸಂಬಳ ಕೊಡುವುದರಲ್ಲಿ ಕಾಣಬೇಕು.